ತುರಿಕೆ ನಿಂತಿತು, ಗಜಕರ್ಣ ಬೆಳೆಯಿತು!

ದಾವಣಗೆರೆ: ರಾತ್ರಿ ಎಂಟರ ಹೊತ್ತಿಗೆ ಹಳೇ ಬಸ್ ಸ್ಟ್ಯಾಂಡ್ ಸುತ್ತಿನ ಯಾವುದಾದರೂ ಮೆಡಿಕಲ್ ಶಾಪಿನ ಮುಂದೆ ಹತ್ತು ನಿಮಿಷ ನಿಂತು ನೋಡಿ. ತಲೆನೋವಿನ ಗುಳಿಗೆ ಬೇಕಾದವನು ಗಟ್ಟಿಯಾಗಿ ಕೇಳುತ್ತಾನೆ. ಕೆಮ್ಮಿನ ಔಷಧಿ ಬೇಕಾದವನು ಕೆಮ್ಮುತ್ತಲೇ ಕೇಳುತ್ತಾನೆ. ಇನ್ನೊಬ್ಬ ಮಾತ್ರ ಪಕ್ಕಕ್ಕೆ ಸರಿದು ನಿಂತಿರುತ್ತಾನೆ. ಹೆಂಗಸರೆಲ್ಲ ಹೋಗಲಿ, ಪರಿಚಯದವರು ಯಾರೂ ಬಾರದಿರಲಿ ಎಂದು ಕಾದು, ಕೊನೆಗೆ ಕೌಂಟರಿನ ಮೇಲೆ ಬಗ್ಗಿ ಪಿಸುಗುಡುತ್ತಾನೆ.

“ಅಣ್ಣಾ, ತುರಿಕಿಗೆ ಒಂದು ಟ್ಯೂಬ್ ಕೊಡ್ರಿ.”

“ಎಲ್ಲಿ ಆಗೇತಿ?”

“ಇಲ್ಲೇ... ಸಂದಿನಾಗ.”

“ಎಷ್ಟು ದಿನ ಆತು?”

“ಆತು, ಎರಡ್ಮೂರು ತಿಂಗಳು. ಹೋದ್ಸಲ ಕೊಟ್ಟಿದ್ರಲ್ಲ, ಅದನ್ನೇ ಕೊಡ್ರಿ. ಹಚ್ಚಿದ ಎರಡು ದಿನಕ್ಕೆ ತಂಪಾಗಿತ್ತು. ಬಿಟ್ಟ ಕೂಡ್ಲೆ ಮತ್ತೆ ಬಂತು.”

ಟ್ಯೂಬು ಕಾಗದದ ಕವರಿನೊಳಗೆ ಹೋಗುತ್ತದೆ, ದುಡ್ಡು ಫೋನಿನಲ್ಲೇ ಹೋಗುತ್ತದೆ. ಡಾಕ್ಟರ ಚೀಟಿ ಇಲ್ಲ, ಬಿಲ್ಲೂ ಇಲ್ಲ. ಒಂದು ನಿಮಿಷದ ವ್ಯವಹಾರ.

ಇದರಲ್ಲಿ ಕೇಡೇನು ಬಂತು ಸ್ವಾಮಿ ಎಂದು ಯಾರಾದರೂ ಕೇಳಬಹುದು. ಕೇಡು ಆ ಗಿರಾಕಿಯ ಕೊನೆಯ ಮಾತಿನಲ್ಲೇ ಇದೆ. ಹಚ್ಚಿದರೆ ಎರಡೇ ದಿನಕ್ಕೆ ತಂಪು, ಬಿಟ್ಟರೆ ಮತ್ತೆ ಹಾಜರು. ಗಜಕರ್ಣದ ಅಸಲು ಮುಲಾಮು ನಿಧಾನದ್ದು. ಅದರ ಕೆಲಸ ವಾರಗಳ ಲೆಕ್ಕದ್ದು. ಎರಡು ದಿನದ ಜಾದೂ ನಡೆದಿದೆ ಎಂದರೆ ಆ ಟ್ಯೂಬಿನೊಳಗೆ ಬೇರೆ ಏನೋ ಕೂತಿದೆ ಎಂದು ಅನುಮಾನ ಪಡಲೇಬೇಕು.

ಹುಳವಿಲ್ಲದ ಹುಳುಕಡ್ಡಿ

ಕೆಲವರು ಗಜಕರ್ಣ ಎನ್ನುತ್ತಾರೆ, ಕೆಲವರು ಹುಳುಕಡ್ಡಿ ಎನ್ನುತ್ತಾರೆ. ಹೆಸರಿನಲ್ಲಿ ಹುಳ ಇದೆಯೇ ಹೊರತು ಚರ್ಮದಲ್ಲಿ ಯಾವ ಹುಳವೂ ಇಲ್ಲ. ಇದು ಒಂದು ಜಾತಿಯ ಬೂಷ್ಟು. ಮಳೆಗಾಲದಲ್ಲಿ ಚಪ್ಪಲಿ ಮೇಲೆ, ಹಳೇ ಉಪ್ಪಿನಕಾಯಿ ಮೇಲೆ ಬರುತ್ತದಲ್ಲ, ಅದರ ದಾಯಾದಿ. ಚರ್ಮ, ಉಗುರು, ಕೂದಲು ಇವುಗಳಲ್ಲಿರುವ ಕೆರಾಟಿನ್ ಎಂಬ ಪದಾರ್ಥ ಇದರ ಊಟ. ಬೆವರು, ಬಿಸಿ, ಗಾಳಿಯಾಡದ ಜಾಗ ಇದರ ಮನೆ. ಒಂದು ಚುಕ್ಕಿಯಿಂದ ಶುರುವಾಗಿ ಸುತ್ತಲೂ ಹರಡುತ್ತಾ ಹೋಗುತ್ತದೆ. ನಡುವೆ ಚರ್ಮ ತಿಳಿಯಾಗಿ ಅಂಚು ಮಾತ್ರ ಕೆಂಪಗೆ ಉಬ್ಬಿರುತ್ತದೆ. ಬಳೆ ಇಟ್ಟು ಗೀರಿದ ಹಾಗೆ.

ಇಂಥ ರೋಗಕ್ಕೆ ಈ ಊರು ಹೇಳಿ ಮಾಡಿಸಿದ ಜಾಗ. ಮಂಡಕ್ಕಿ ಭಟ್ಟಿಯ ಕಾರ್ಮಿಕ ಬೆಂಕಿ ಮುಂದೆ, ಮರಳು ಕಾಯುವ ಬಾಣಲೆ ಮುಂದೆ ಇಡೀ ದಿನ ನೆನೆದ ಬಟ್ಟೆಯಲ್ಲೇ ಇರುತ್ತಾನೆ. ಬೆಣ್ಣೆದೋಸೆ ಕಾವಲಿ ಮುಂದೆ ನಿಂತ ಭಟ್ಟರದೂ ಅದೇ ಪಾಡು. ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲ ಹೊರುವ ಹಮಾಲಿ, ಜಗಳೂರು ರೂಟಿನಲ್ಲಿ ಖಾಕಿ ತೊಟ್ಟು ಓಡಾಡುವ ಕಂಡಕ್ಟರ್, ಭದ್ರಾ ನಾಲೆಯ ಗದ್ದೆಯಲ್ಲಿ ಇಡೀ ದಿನ ಒದ್ದೆಯಲ್ಲಿ ನಿಲ್ಲುವ ನಾಟಿ ಹೆಣ್ಣಾಳು, ಎಲ್ಲರ ಮೈಯಲ್ಲೂ ಬೆವರು ಇಲ್ಲವೇ ನೀರು ಆರುವುದೇ ಇಲ್ಲ. ಇವರಷ್ಟೇ ಅಲ್ಲ, ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ರೆಕ್ಸಿನ್ ಕುರ್ಚಿ ಬಿಟ್ಟೇಳದ ಚೌಕಿಪೇಟೆಯ ಸಾಹುಕಾರರೂ ಇದೇ ಪಟ್ಟಿಯಲ್ಲಿದ್ದಾರೆ. ಗಜಕರ್ಣಕ್ಕೆ ಬಡವ ಬಲ್ಲಿದ ಎಂಬ ಭೇದ ಇಲ್ಲ. ಭೇದ ಇರುವುದು ಔಷಧಿ ಕೊಳ್ಳುವ ತಾಕತ್ತಿನಲ್ಲಿ. ಆ ಮಾತು ಮುಂದೆ ಬರುತ್ತದೆ.

ಒಂದು ಟ್ಯೂಬು, ನಾಲ್ಕು ಮದ್ದು

ಈ ಬೂಷ್ಟನ್ನು ಕೊಲ್ಲುವ ಮುಲಾಮುಗಳು ಇವೆ, ಒಳ್ಳೆಯವೇ ಇವೆ. ಕ್ಲೋಟ್ರಿಮಜೋಲ್, ಮೈಕೊನಜೋಲ್, ಕೀಟೊಕೊನಜೋಲ್, ಲುಲಿಕೊನಜೋಲ್, ಟರ್ಬಿನಫಿನ್. ಇವುಗಳಲ್ಲಿ ಯಾವುದಾದರೂ ಒಂದು, ಒಂಟಿಯಾಗಿ, ಟ್ಯೂಬಿನಲ್ಲಿದ್ದರೆ ಅದು ಗಜಕರ್ಣದ ಮುಲಾಮು.

ಆದರೆ ಪಿಸುಮಾತಿನ ಗಿರಾಕಿಗೆ ಬಹಳ ಸಲ ಸಿಗುವುದು ಒಂಟಿ ಮದ್ದಲ್ಲ. ಮೂರೋ ನಾಲ್ಕೋ ಸೇರಿಸಿದ ಸಮ್ಮಿಶ್ರ ಸರ್ಕಾರ. ಬೂಷ್ಟಿಗೆ ಒಂದು, ಬ್ಯಾಕ್ಟೀರಿಯಾಕ್ಕೆ ಆಫ್ಲಾಕ್ಸಸಿನ್, ಅಮೀಬಾಕ್ಕೆ ಆರ್ನಿಡಜೋಲ್ (ಹೊಟ್ಟೆಯ ಅಮೀಬಾಕ್ಕೂ ತೊಡೆಯ ಗಜಕರ್ಣಕ್ಕೂ ಏನು ನೆಂಟಸ್ತಿಕೆಯೋ ಆ ಕಂಪನಿಯವರೇ ಬಲ್ಲರು!), ಇವುಗಳ ಜೊತೆಗೆ ಕ್ಲೋಬೆಟಸಾಲ್ ಎಂಬ ಸ್ಟೆರಾಯ್ಡ್. ಮಂಡಕ್ಕಿ, ಖಾರ, ಈರುಳ್ಳಿ, ಕೊತ್ತಂಬರಿ ಎಲ್ಲಾ ಕಲಸಿದರೆ ಬಾಯಿಗೆ ರುಚಿ. ಮದ್ದು ಹಾಗೆ ಕಲಸುವ ಪದಾರ್ಥ ಅಲ್ಲ.

ಕ್ಲೋಬೆಟಸಾಲ್ ಸಾಮಾನ್ಯದ್ದಲ್ಲ. ಮೈಗೆ ಹಚ್ಚುವ ಸ್ಟೆರಾಯ್ಡುಗಳಲ್ಲಿ ಅತಿ ಖಡಕ್ ಎಂದು ವೈದ್ಯರು ಲೆಕ್ಕ ಹಾಕುವ ಸಾಲಿನದು. ಸೋರಿಯಾಸಿಸ್‌ನಂಥ ರೋಗಕ್ಕೆ ಚರ್ಮವೈದ್ಯರು ದಿನ ಎಣಿಸಿ ಕೊಡುವ ಮದ್ದು. ತೊಡೆಸಂದಿಯಂಥ ತೆಳು ಚರ್ಮಕ್ಕೆ ಇದನ್ನು ತಿಂಗಳುಗಟ್ಟಲೆ ತಿಕ್ಕುವುದೆಂದರೆ ರೇಷ್ಮೆ ಸೀರೆಯನ್ನು ಬಂಡೆಗೆ ಬಡಿದು ಒಗೆದಂತೆ.

ಇದು ಮಾಡುವುದಾದರೂ ಏನು? ಬೂಷ್ಟು ಹತ್ತಿದಾಗ ಮೈ ಸುಮ್ಮನೆ ಕೂರುವುದಿಲ್ಲ, ಎದುರಿಸಿ ನಿಲ್ಲುತ್ತದೆ. ಆ ಜಗಳದ ಸದ್ದೇ ಕೆಂಪು, ಉರಿ, ತುರಿಕೆ. ಸ್ಟೆರಾಯ್ಡ್ ಬಂದು ಮೈಯನ್ನೇ ಸುಮ್ಮನಾಗಿಸುತ್ತದೆ. ರಾತ್ರಿ ಕಳ್ಳ ಬಂದಾಗ ಕೂಗುವ ಗೂರ್ಖನ ಬಾಯಿಗೆ ಬಟ್ಟೆ ತುರುಕಿದರೆ ಓಣಿಯಲ್ಲಿ ಗಲಾಟೆ ನಿಲ್ಲುತ್ತದೆ, ನಿಜ. ಕಳ್ಳ ಮಾತ್ರ ಒಳಗೇ ಇರುತ್ತಾನೆ! ಗಿರಾಕಿ ‘ವಾಸಿ ಆತು’ ಎಂದು ಹಚ್ಚುವುದು ಬಿಡುತ್ತಾನೆ. ನಾಲ್ಕು ದಿನಕ್ಕೆ ತುರಿಕೆ ಎರಡು ಪಟ್ಟಾಗಿ ತಿರುಗಿ ಬರುತ್ತದೆ. ಮತ್ತೆ ಅದೇ ಅಂಗಡಿ, ಅದೇ ಪಿಸುಮಾತು, ಅದೇ ಟ್ಯೂಬು. ತೊಡೆಯಲ್ಲಿದ್ದದ್ದು ಸೊಂಟಕ್ಕೆ, ಸೊಂಟದಿಂದ ಹೊಟ್ಟೆಗೆ. ಬಳೆಯ ಆಕಾರವೇ ಕೆಟ್ಟುಹೋಗಿ, ಕೊನೆಗೆ ದೊಡ್ಡಾಸ್ಪತ್ರೆಗೆ ಹೋದರೆ ಅಲ್ಲಿನ ವೈದ್ಯರಿಗೂ ಇದು ಗಜಕರ್ಣವೋ ಇನ್ನೇನೋ ಎಂದು ಬರಿಗಣ್ಣಿಗೆ ಹೇಳುವುದು ಕಷ್ಟ. ಇಂಥ ಮಾರುವೇಷದ ಗಜಕರ್ಣಕ್ಕೆ ವೈದ್ಯಶಾಸ್ತ್ರದಲ್ಲಿ ಪ್ರತ್ಯೇಕ ಹೆಸರೇ ಇದೆ. ಆಗ ಚರ್ಮದ ಹೊಟ್ಟು ಕೆರೆದು, ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಹನಿ ಹಾಕಿ, ಸೂಕ್ಷ್ಮದರ್ಶಕದಡಿ ನೋಡಬೇಕು.

ಚರ್ಮ ಕಾಗದದಂತೆ ತೆಳುವಾಗುತ್ತದೆ. ಬಸುರಿ ಹೆಂಗಸಿನ ಹೊಟ್ಟೆಯ ಮೇಲೆ ಬರುವಂಥ ಗೆರೆಗಳು ಹದಿನೆಂಟರ ಹುಡುಗನ ತೊಡೆಸಂದಿಯಲ್ಲಿ ಬರುತ್ತವೆ, ಮತ್ತೆ ಪೂರ್ತಿ ಮಾಸುವುದೂ ಇಲ್ಲ. ಇದೇ ಸ್ಟೆರಾಯ್ಡ್ ವರ್ಗದ ಮದ್ದು ಸೇರಿದ ಕ್ರೀಮನ್ನು ಬೆಳ್ಳಗಾಗಲೆಂದು ಮುಖಕ್ಕೆ ಬಳಿದುಕೊಂಡು, ಮೊಡವೆ ಎದ್ದು, ಕೂದಲು ಹುಟ್ಟಿ, ಬಿಸಿಲಿಗೆ ಹೋದರೆ ಮುಖ ಉರಿಯುತ್ತದೆ ಎಂದು ಅಳುವ ಹೆಣ್ಣುಮಕ್ಕಳ ಕಥೆ ಇನ್ನೊಂದಿದೆ. ಅದನ್ನು ಬರೆಯಲು ಇನ್ನೊಂದು ದಿನವೇ ಬೇಕು.

ಕಾನೂನು ಇದೆ, ಮಲಗಿದೆ

ಸರ್ಕಾರಕ್ಕೆ ಇದು ಗೊತ್ತಿಲ್ಲವೇ? ಚೆನ್ನಾಗಿಯೇ ಗೊತ್ತಿದೆ. 2016ರ ಮಾರ್ಚಿಯಲ್ಲಿ ಕೇಂದ್ರ ಆರೋಗ್ಯ ಇಲಾಖೆ ಅರ್ಥವಿಲ್ಲದ 344 ಬೆರಕೆ ಔಷಧಿಗಳನ್ನು ನಿಷೇಧಿಸಿತು. ಅವುಗಳಲ್ಲಿ ಇಂಥ ಚರ್ಮದ ಮುಲಾಮುಗಳೂ ಇದ್ದವು. ಕಂಪನಿಗಳು ಕೋರ್ಟಿಗೆ ಹೋದವು. ಅದೇ ವರ್ಷದ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶ ರದ್ದು ಮಾಡಿತು. 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ತಜ್ಞರಿಂದ ಮತ್ತೆ ಪರಿಶೀಲನೆ ಮಾಡಿಸಿ ಎಂದಿತು. 2018ರ ಸೆಪ್ಟೆಂಬರಿನಲ್ಲಿ 328 ಬೆರಕೆಗಳ ಮೇಲೆ ನಿಷೇಧ ಮತ್ತೆ ಬಂತು. ಅದೇ 2018ರಲ್ಲಿ ಹಚ್ಚುವ 14 ಸ್ಟೆರಾಯ್ಡುಗಳನ್ನು ಶೆಡ್ಯೂಲ್ ‘ಎಚ್’ ಪಟ್ಟಿಗೆ ಸೇರಿಸಲಾಯಿತು. ಅಂದರೆ ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಅವನ್ನು ಮಾರುವಂತಿಲ್ಲ. ದೇಶದ ಚರ್ಮವೈದ್ಯರ ಸಂಘವು ಸ್ಟೆರಾಯ್ಡ್ ದುರ್ಬಳಕೆಯ ವಿರುದ್ಧವೇ ಒಂದು ಕಾರ್ಯಪಡೆ ಕಟ್ಟಿಕೊಂಡು ಕೂಗಿಕೊಂಡಿದೆ.

ಇಷ್ಟಾದರೂ ಬೆರಕೆ ಟ್ಯೂಬು ಕಪಾಟಿನಿಂದ ಇಳಿದಿಲ್ಲ. ನಿಷೇಧ ಆಗುವುದು ಒಂದೊಂದು ಬೆರಕೆಗೆ. ಕಂಪನಿಯವರು ಅದರಲ್ಲಿ ಒಂದು ಪದಾರ್ಥ ತೆಗೆದು ಇನ್ನೊಂದು ಹಾಕಿದರೆ ಅದು ಬೇರೆ ಬೆರಕೆ! ಡಬ್ಬಿ ಅದೇ ಬಣ್ಣ, ಹೆಸರಿಗೊಂದು ಬಾಲ. ಡಬ್ಬಿಯ ಮೇಲಿನ ಅಕ್ಷರವೋ ಇರುವೆ ಗಾತ್ರದ್ದು, ಅದೂ ಇಂಗ್ಲಿಷಿನಲ್ಲಿ. ಮಂಡಕ್ಕಿ ಭಟ್ಟಿಯ ಹುಡುಗ ಅದನ್ನು ಓದಿ ಕ್ಲೋಬೆಟಸಾಲ್ ಪತ್ತೆ ಮಾಡಬೇಕು ಎನ್ನುವುದು ಯಾವ ನ್ಯಾಯ?

ಹಾಗೆಂದು ಎಲ್ಲ ತಪ್ಪನ್ನೂ ಮೆಡಿಕಲ್ ಶಾಪಿನವರ ತಲೆಗೆ ಕಟ್ಟುವುದೂ ಸರಿಯಲ್ಲ. ಹಳ್ಳಿಗಳಲ್ಲಿ ಸೂಜಿ ಚುಚ್ಚಿಕೊಂಡು ಓಡಾಡುವ ನಕಲಿ ವೈದ್ಯರು ಇದನ್ನೇ ಬರೆಯುತ್ತಾರೆ. ಬೋರ್ಡು ಹಾಕಿಕೊಂಡ ಅಸಲಿ ಡಾಕ್ಟರುಗಳಲ್ಲೂ ಕೆಲವರು ಇದನ್ನೇ ಬರೆಯುತ್ತಾರೆ. ರೋಗಿಗೆ ಎರಡು ದಿನದಲ್ಲಿ ಗುಣ ಕಂಡರೆ ಡಾಕ್ಟರ ಕೈಗುಣಕ್ಕೆ ಹೆಸರು. ಚೀಟಿ ಹೀಗೆ ಬಂದ ಮೇಲೆ ಅಂಗಡಿಯವನು ಕೊಡದೆ ಏನು ಮಾಡಿಯಾನು? ಕೊಡದಿದ್ದರೆ ಗಿರಾಕಿ ಪಕ್ಕದ ಅಂಗಡಿಗೆ. ಆದರೆ ಚೀಟಿ ಇಲ್ಲದೆ ಬಂದವನಿಗೂ ಅದನ್ನೇ ಕೊಡುವುದಕ್ಕೆ ಈ ಸಬೂಬು ನಡೆಯುವುದಿಲ್ಲ. ಒಂಟಿ ಮದ್ದಿನ ಟ್ಯೂಬೂ ಅದೇ ಕಪಾಟಿನಲ್ಲಿ, ಅದೇ ಸಾಲಿನಲ್ಲಿ ಇರುತ್ತದೆ. ಕೈ ಅರ್ಧ ಅಡಿ ಆಚೆ ಹೋದರೆ ಸಾಕು.

ಟ್ಯೂಬಿನ ಲೆಕ್ಕ

ಸರಿಯಾದ ಮುಲಾಮು ಸಿಕ್ಕಿತು ಎನ್ನೋಣ. ಅದನ್ನು ಹಚ್ಚುವುದಕ್ಕೂ ಒಂದು ಕ್ರಮ ಇದೆ. ಸ್ನಾನ ಮಾಡಿ, ಒದ್ದೆ ಪೂರ್ತಿ ಒರೆಸಿ, ಕಲೆಯ ಮೇಲಷ್ಟೇ ಅಲ್ಲದೆ ಅಂಚಿನಿಂದ ಎರಡು ಬೆರಳಷ್ಟು ಆಚೆಗೂ ಹಚ್ಚಬೇಕು. ಬೂಷ್ಟು ಕಣ್ಣಿಗೆ ಕಾಣುವುದಕ್ಕಿಂತ ಮುಂದೆ ಹೋಗಿರುತ್ತದೆ. ಹೆಚ್ಚಿನ ಮುಲಾಮುಗಳು ದಿನಕ್ಕೆ ಎರಡು ಸಲ, ಲುಲಿಕೊನಜೋಲ್ ಆದರೆ ಒಂದೇ ಸಲ. ಇನ್ನು, ಜನ ಎಡವುವ ಜಾಗ ಇದು: ಚರ್ಮ ಪೂರ್ತಿ ತಿಳಿಯಾಗಿ ಕಂಡ ಮೇಲೂ ಎರಡು ವಾರ ಹಚ್ಚುತ್ತಿರಬೇಕು. ಕಳೆ ಕಿತ್ತ ಹೊಲದಲ್ಲಿ ಬೇರು ಉಳಿದರೆ ಏನಾಗುತ್ತದೆಂದು ಜಗಳೂರಿನ ರೈತರಿಗೆ ಯಾರೂ ಪಾಠ ಹೇಳಬೇಕಿಲ್ಲ.

ಖರ್ಚಿನ ಲೆಕ್ಕ ಅಂಗಡಿಯವರಿಗೆ ಬೇಗ ತಿಳಿಯುತ್ತದೆ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಮುಲಾಮು ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅದು ಬೆರಳೂ ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಆಗುತ್ತದೆ. ಎರಡೂ ತೊಡೆ, ಹಿಂಭಾಗ, ಸೊಂಟ ಎಲ್ಲ ಸೇರಿ ಎಂಟು ಅಂಗೈಯಷ್ಟು ಹರಡಿದ್ದರೆ ಒಂದು ಸಲಕ್ಕೆ 2 ಗ್ರಾಂ, ದಿನಕ್ಕೆ 4 ಗ್ರಾಂ. 15 ಗ್ರಾಮಿನ ಟ್ಯೂಬು ನಾಲ್ಕನೇ ದಿನ ಸಂಜೆ ಖಲಾಸ್. ನಾಲ್ಕು ವಾರಕ್ಕೆ 112 ಗ್ರಾಂ, ಅಂದರೆ ಹತ್ತಿರ ಹತ್ತಿರ ಏಳೂವರೆ ಟ್ಯೂಬು. ಮನೆಯಲ್ಲಿ ಇನ್ನಿಬ್ಬರಿಗೆ ಇದ್ದರೆ ಅದಕ್ಕೆ ಮೂರರಿಂದ ಗುಣಿಸಿ.

ದಿನಗೂಲಿಯವನು ಏಳೂವರೆ ಟ್ಯೂಬು ಕೊಳ್ಳುವುದಿಲ್ಲ. ಒಂದು ಕೊಳ್ಳುತ್ತಾನೆ, ಕಡಲೆಕಾಳಷ್ಟು ಹಿಂಡಿ ಎರಡು ವಾರ ಎಳೆಯುತ್ತಾನೆ. ಅಷ್ಟರಲ್ಲಿ ಸರಿಯಾದ ಮುಲಾಮಿನ ಮೇಲೂ ಅವನಿಗೆ ನಂಬಿಕೆ ಹೋಗಿ, ‘ಆ ಹಳೇ ಟ್ಯೂಬೇ ವಾಸಿ, ಎರಡು ದಿನಕ್ಕಾದರೂ ನಿದ್ದೆ ಬರ್ತಿತ್ತು’ ಎನ್ನುತ್ತಾನೆ. ಅವನನ್ನು ದಡ್ಡ ಎನ್ನುವ ಹಕ್ಕು ಯಾರಿಗಿದೆ? ರಾತ್ರಿಯಿಡೀ ಕೆರೆದುಕೊಂಡು ಬೆಳಿಗ್ಗೆ ಐದಕ್ಕೆ ಭಟ್ಟಿಗೆ ಹೋಗುವವನ ಕಷ್ಟ ಅವನಿಗೇ ಗೊತ್ತು. ಖಾಸಗಿ ಚರ್ಮವೈದ್ಯರ ಫೀಸಿಗಿಂತ ಅವನಿಗೆ ದುಬಾರಿಯಾಗುವುದು ಅರ್ಧ ದಿನದ ಕೂಲಿ. ಆದರೂ ಇಷ್ಟು ಅಗಲಕ್ಕೆ ಹರಡಿದ ಮೇಲೆ ಬರೀ ಮುಲಾಮಿನಿಂದ ಆಗುವ ಕೆಲಸ ಅಲ್ಲ. ನುಂಗುವ ಗುಳಿಗೆ ಬೇಕಾಗುತ್ತದೆ. ಆ ಗುಳಿಗೆಗಳು ಲಿವರಿನ ತೊಂದರೆ, ಹೃದಯದ ತೊಂದರೆ ಇದ್ದವರಿಗೆ ಅಪಾಯ ತರಬಹುದಾದವು, ಬೇರೆ ಔಷಧಿಗಳ ಜೊತೆ ಜಗಳ ಆಡುವಂಥವು. ಅದನ್ನು ಕೌಂಟರಿನಲ್ಲಿ ಕೇಳಿ ತಗೊಳ್ಳುವ ಹಾಗಿಲ್ಲ. ಚಿಗಟೇರಿ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಒಂದು ಬೆಳಿಗ್ಗೆ ಹೋಗಲೇಬೇಕು. ಒಂಟಿ ಕ್ಲೋಟ್ರಿಮಜೋಲ್ ಮುಲಾಮು ಜನೌಷಧಿ ಅಂಗಡಿಗಳ ಪಟ್ಟಿಯಲ್ಲೂ ಇದೆ, ಕಡಿಮೆ ಬೆಲೆಗೆ. ಅಲ್ಲಿ ಕೇಳಿ ನೋಡಲು ನಾಚಿಕೆ ಬೇಕಿಲ್ಲ.

ತಲೆಯ ಗಜಕರ್ಣ, ಉಗುರಿನ ಗಜಕರ್ಣ ಮುಲಾಮಿಗೆ ಬಗ್ಗುವುದಿಲ್ಲ, ಅದೂ ಡಾಕ್ಟರ ಕೆಲಸವೇ. ಬೆರಳ ಸಂದಿಯಲ್ಲಿ ಗುಳ್ಳೆ ಎದ್ದು ರಾತ್ರಿ ಹೊತ್ತು ಮನೆ ಮಂದಿಯೆಲ್ಲ ಕೆರೆದುಕೊಳ್ಳುತ್ತಿದ್ದರೆ ಅದು ಕಜ್ಜಿ ಇರಬಹುದು. ಅದರ ಹುಳ ಬೇರೆ, ಮದ್ದು ಬೇರೆ. ಮುಟ್ಟಿದರೆ ಗೊತ್ತಾಗದ, ಜೋಮು ಹಿಡಿದಂತಿರುವ ಮಚ್ಚೆ ಇದ್ದರಂತೂ ಯಾವ ಟ್ಯೂಬನ್ನೂ ಹಚ್ಚಬೇಡಿ. ಅದು ಕುಷ್ಠದ ಲಕ್ಷಣ ಇರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಔಷಧಿ ಪುಕ್ಕಟೆ, ವಾಸಿಯಾಗುವ ರೋಗ.

ಉಡಿದಾರ, ಟವೆಲು, ಕತ್ತಲೆ ಕೋಣೆ

ಇನ್ನೊಂದು ವಿಷಯ ಮನೆಯೊಳಗಿನದು. ಗಂಡ ಆರು ತಿಂಗಳು ಮುಲಾಮು ಹಚ್ಚಿದ, ವಾಸಿ ಆಗಲಿಲ್ಲ. ಹೆಂಡತಿಗೂ ಇದೆ, ನಾಚಿಕೆಗೆ ಹೇಳಿಲ್ಲ. ಮಗುವಿನ ಕುತ್ತಿಗೆ ಮೇಲೆ ಒಂದು ಬಳೆ ಮೂಡಿದೆ. ಮೂವರೂ ಒಂದೇ ಟವೆಲು, ಒಂದೇ ಕೌದಿ. ಒಬ್ಬರು ವಾಸಿ ಮಾಡಿಕೊಂಡರೆ ಇನ್ನೊಬ್ಬರು ವಾಪಸು ಕೊಡುತ್ತಾರೆ. ಮನೆಯಲ್ಲಿ ಯಾರ್‍ಯಾರಿಗೆ ಇದೆಯೋ ಅವರೆಲ್ಲ ಒಟ್ಟಿಗೆ ಔಷಧಿ ಮಾಡಿಕೊಳ್ಳದೆ ಇದು ಹೊಸಲು ದಾಟುವುದಿಲ್ಲ.

ಉಡಿದಾರದ ಮಾತು ಎತ್ತಿದರೆ ಹಿರಿಯರಿಗೆ ಸಿಟ್ಟು ಬರಬಹುದು. ಆದರೂ ಹೇಳಬೇಕು. ಸದಾ ಒದ್ದೆಯಾಗಿರುವ ಆ ದಾರದಲ್ಲಿ ಬೂಷ್ಟು ಹಾಯಾಗಿ ಕೂತಿರುತ್ತದೆ. ಸೊಂಟದ ಸುತ್ತ ಗಜಕರ್ಣ ಇರುವಷ್ಟು ದಿನ ಹಳೇದಾರ ಬಿಚ್ಚಿಟ್ಟು, ವಾಸಿಯಾದ ಮೇಲೆ ಹೊಸದು ಕಟ್ಟಿಕೊಂಡರೆ ಯಾವ ದೇವರೂ ಮುನಿಯಲಾರ. ಹೆಂಗಸರ ಒಳಬಟ್ಟೆಗಳದು ಇನ್ನೊಂದು ಪಾಡು. ಬಿಸಿಲಿಗೆ ಹಾಕಿದರೆ ನಾಲ್ಕು ಜನ ನೋಡಿಯಾರು ಎಂದು ಬಚ್ಚಲಮನೆಯ ಕತ್ತಲಲ್ಲಿ, ಸೀರೆಯ ಕೆಳಗೆ ಮುಚ್ಚಿ ಒಣಗಿಸುತ್ತಾರೆ. ಅದು ಒಣಗುವುದೇ ಇಲ್ಲ. ಬಿಸಿನೀರಲ್ಲಿ ಒಗೆದು, ಬಿಸಿಲಿಗೆ ಹರವಿ, ಇಸ್ತ್ರಿ ಹಾಕಿ ತೊಡುವುದು ಮುಲಾಮಿನಷ್ಟೇ ದೊಡ್ಡ ಮದ್ದು. ಮೈಗೆ ಅಂಟಿದ ಜೀನ್ಸ್ ಪ್ಯಾಂಟು ತೊಟ್ಟು ಜಿಮ್ಮು, ಕಾಲೇಜು, ಬೈಕು ಎಂದು ತಿರುಗುವ ಹುಡುಗರು ಮನೆಗೆ ಬಂದ ಮೇಲಾದರೂ ಲುಂಗಿ ಸುತ್ತಿಕೊಂಡರೆ ಒಳ್ಳೆಯದು. ಅಜ್ಜಂದಿರ ಪಂಚೆ ಸುಮ್ಮನೆ ಬಂದದ್ದಲ್ಲ.

ಅಜ್ಜಂದಿರ ಕಾಲದಲ್ಲೂ ಈ ರೋಗ ಇತ್ತು. ಸೀಮೆ ಅಗಸೆ ಎಲೆ ಅರೆದು ತಿಕ್ಕುತ್ತಿದ್ದರು. ಸರ್ಕಾರಿ ಆಸ್ಪತ್ರೆಯ ಕಾಂಪೌಂಡರ್ ಕಾಗದದ ಮೇಲೆ ವಿಟ್‌ಫೀಲ್ಡ್ ಮುಲಾಮು ಇಟ್ಟು ಕೊಡುತ್ತಿದ್ದ. ಬೆಂಜೋಯಿಕ್ ಆಮ್ಲ, ಸ್ಯಾಲಿಸಿಲಿಕ್ ಆಮ್ಲ ಎರಡರ ಮಿಶ್ರಣ ಅದು. ಹಚ್ಚಿದರೆ ಚುರ್‍ ಎನ್ನುತ್ತಿತ್ತು, ನಿಧಾನಕ್ಕೆ ವಾಸಿಯೂ ಮಾಡುತ್ತಿತ್ತು. ಈಗ ಚುರುಗುಟ್ಟುವುದು ಯಾರಿಗೂ ಬೇಡ, ತಂಪು ಬೇಕು. ತಂಪಿನ ಆಸೆಗೇ ಈ ಎಲ್ಲ ಅನಾಹುತ. (ಬೆಳ್ಳುಳ್ಳಿ ಜಜ್ಜಿ ಕಟ್ಟುವುದು, ಸೀಮೆಎಣ್ಣೆ ಹಚ್ಚುವುದು ಮಾಡಬೇಡಿ. ಚರ್ಮ ಸುಟ್ಟು ಗಾಯ ಆಗುತ್ತದೆ.)

ಊರಿನ ಬೂಷ್ಟು ನ್ಯೂಯಾರ್ಕಿಗೆ

ನಗುವ ವಿಷಯ ಅಲ್ಲ. ಗಜಕರ್ಣದ ಬೂಷ್ಟಿನಲ್ಲಿ ಹೊಸ ಜಾತಿಯೊಂದನ್ನು 2020ರಲ್ಲಿ ಜಪಾನಿನ ಸಂಶೋಧಕರು ಗುರುತಿಸಿ ಹೆಸರಿಟ್ಟರು. ಟ್ರೈಕೊಫೈಟಾನ್ ಇಂಡೊಟೀನಿಯೆ. ಹೆಸರಲ್ಲೇ ನಮ್ಮ ದೇಶ ಇದೆ. ಟರ್ಬಿನಫಿನ್ ಮದ್ದಿಗೆ ಇದು ಅನೇಕ ಸಲ ಜಗ್ಗುವುದೇ ಇಲ್ಲ. 2023ರಲ್ಲಿ ನ್ಯೂಯಾರ್ಕಿನ ಇಬ್ಬರು ಹೆಂಗಸರಲ್ಲಿ ಇದು ಸಿಕ್ಕಿತೆಂದು ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ವರದಿ ಮಾಡಿತು. ಅವರಲ್ಲಿ ಒಬ್ಬರು ಬಾಂಗ್ಲಾದೇಶಕ್ಕೆ ಹೋಗಿ ಬಂದವರು, ಇನ್ನೊಬ್ಬರು ಎಲ್ಲಿಗೂ ಹೋದವರಲ್ಲ. ಅರೆಬರೆ ಔಷಧಿ, ಸ್ಟೆರಾಯ್ಡ್ ಬೆರಕೆ ಇವೆರಡೂ ಸೇರಿ ಇಂಥ ಮೊಂಡು ಬೂಷ್ಟನ್ನು ಸಾಕಿ ಬೆಳೆಸಿವೆ ಎಂಬುದು ಚರ್ಮವೈದ್ಯರ ಬಲವಾದ ಗುಮಾನಿ. ಬಸ್ ಸ್ಟ್ಯಾಂಡಿನ ಹಿಂದಿನ ಒಂದು ಮನೆಯಲ್ಲಿ ಒಂದೇ ಟವೆಲಿನಲ್ಲಿ ಒರೆಸಿಕೊಳ್ಳುವ ಮೂವರಿಗೆ ಮುಂದೆ ಯಾವ ಮುಲಾಮೂ ನಾಟದೆ ಹೋದರೆ ಅವರು ಎಲ್ಲಿಗೆ ಹೋಗಬೇಕು?

ಅದಕ್ಕೇ ಈ ಮಾತು ಗಿರಾಕಿಗೆ: ಪಿಸುಗುಡಬೇಡಿ. “ಸ್ಟೆರಾಯ್ಡ್ ಇಲ್ದಿರೋ, ಬರೀ ಫಂಗಸ್ ಮುಲಾಮ್ ಕೊಡ್ರಿ” ಎಂದು ಗಟ್ಟಿಯಾಗಿ ಕೇಳಿ. ಡಬ್ಬಿ ತಿರುಗಿಸಿ ಒಳಗೆ ಏನಿದೆ ಎಂದು ಓದಿಸಿ. ಕ್ಲೋಬೆಟಸಾಲ್, ಬೀಟಾಮೆಥಸೋನ್, ಬೆಕ್ಲೊಮೆಥಸೋನ್, ಮೊಮೆಟಸೋನ್ ಎಂಬ ಹೆಸರು ಕೇಳಿಸಿದರೆ ವಾಪಸು ಕೊಡಿ. ಈಗಾಗಲೇ ತಿಂಗಳುಗಟ್ಟಲೆ ಅದನ್ನು ಹಚ್ಚಿದವರು ಚರ್ಮವೈದ್ಯರನ್ನು ಕಾಣಬೇಕು. ಬಿಟ್ಟ ಕೂಡಲೇ ಉರಿ ಕೆರಳುತ್ತದೆ, ಆಗ ಮತ್ತೆ ಅದೇ ಟ್ಯೂಬಿಗೆ ಕೈ ಹೋಗುತ್ತದೆ.

ಔಷಧ ನಿಯಂತ್ರಣದ ಇನ್ಸ್‌ಪೆಕ್ಟರ್ ಸಾಹೇಬರಿಗೂ ಒಂದು ಮಾತು. ಇದಕ್ಕೆ ದಾಳಿ, ಜೀಪು, ಪಂಚನಾಮೆ ಯಾವುದೂ ಮೊದಲಿಗೆ ಬೇಕಿಲ್ಲ. ಶೆಡ್ಯೂಲ್ ‘ಎಚ್’ ಔಷಧಿ ಮಾರಿದರೆ ಯಾವ ವೈದ್ಯರ ಚೀಟಿಯ ಮೇಲೆ ಮಾರಿದ್ದು ಎಂದು ಅಂಗಡಿಯವರು ದಾಖಲಿಸಬೇಕೆಂದು ನಿಯಮವಿದೆ. ಸಾಹೇಬರು ಒಂದು ಸಂಜೆ ಮಫ್ತಿಯಲ್ಲಿ ಹಳೇ ಬಸ್ ಸ್ಟ್ಯಾಂಡ್ ಕಡೆ ಬರಲಿ. ಅಂಗಡಿಗೆ ಬೆರಕೆ ಟ್ಯೂಬು ಎಷ್ಟು ಡಬ್ಬಿ ಬಂದಿದೆ ಎಂದು ಸ್ಟಾಕಿನ ಲೆಕ್ಕ ನೋಡಲಿ, ಆಮೇಲೆ ಬಿಲ್ ಪುಸ್ತಕ ತೆಗೆಸಿ ಡಾಕ್ಟರ ಹೆಸರಿನ ಜಾಗದಲ್ಲಿ ಏನು ಬರೆದಿದೆ ಎಂದು ಓದಲಿ.